ಬಾಯಿ ತೆರೆದರೆ ಊರು ಗೊತ್ತಾಗುತ್ತದೆ

ನಮ್ಮ ಕಾಸರಗೋಡಿನಲ್ಲಿ ಒಬ್ಬರ ಊರು, ಮನೆ ತಿಳಿಯಲು ಗುರುತಿನ ಚೀಟಿ ನೋಡಬೇಕಾಗಿಲ್ಲ. ಬಸ್ಸಿನಲ್ಲಿ ಟಿಕೇಟು ಕೇಳುವಾಗಲೇ ಗೊತ್ತಾಗುತ್ತದೆ. ಕುಂಬಳೆಯ ಮಲಯಾಳ ಬೇರೆ, ಕಾಞಂಗಾಡಿನ ಮಲಯಾಳ ಬೇರೆ. ಹವ್ಯಕರ ಮನೆಯ ಕನ್ನಡ ಬೇರೆ, ಶಾಲೆಯ ಕನ್ನಡ ಬೇರೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಬ್ಯಾರಿ, ಮರಾಠಿ, ಉರ್ದು ಎಂದು ಲೆಕ್ಕ ಹಾಕಿ ಸಪ್ತಭಾಷೆಗಳ ನಾಡು ಅಂತ ಭಾಷಣಗಳಲ್ಲಿ ಹೊಗಳುತ್ತೇವೆ. ಭಾಷಣ ಮುಗಿದ ಮೇಲೆ ಉಳಿಯುವ ಲೆಕ್ಕವೇ ಬೇರೆ. ಈ ಏಳರಲ್ಲಿ ಯಾವುದನ್ನು ಎಲ್ಲಿ ಮಾತಾಡಿದರೆ ಕೆಲಸ ಆಗುತ್ತದೆ, ಯಾವುದನ್ನು ಎಲ್ಲಿ ಮಾತಾಡಿದರೆ ಜನ ತಿರುಗಿ ನೋಡುತ್ತಾರೆ ಎಂಬುದು ನಮ್ಮ ಮಕ್ಕಳಿಗೆ ಮಗ್ಗಿಗಿಂತ ಮೊದಲೇ ಬಾಯಿಪಾಠ ಆಗಿರುತ್ತದೆ!

ನಾವು ಮನೆಯಲ್ಲಿ ಕೊಂಕಣಿ, ಇಗರ್ಜಿಯಲ್ಲಿಯೂ ಕೊಂಕಣಿ, ತೋಟದ ಕೆಲಸದವರೊಡನೆ ತುಳು, ಕಚೇರಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ. ನಮ್ಮ ಕೊಂಕಣಿ ಪ್ರಾರ್ಥನೆಯ ಪುಸ್ತಕ ಕೂಡ ಕನ್ನಡ ಲಿಪಿಯಲ್ಲೇ ಇರುವುದು. ಆದುದರಿಂದ ಬೈಬಲ್ ಕೈಗೆತ್ತಿಕೊಂಡಾಗ ದೊಡ್ಡ ದೊಡ್ಡ ಪವಾಡಗಳಿಗಿಂತ ಒಂದು ಸಣ್ಣ ವಿಷಯ ನಮ್ಮ ಕಣ್ಣಿಗೆ ಬೇಗ ಬೀಳುತ್ತದೆ. ಅಲ್ಲಿ ಯಾರು ಯಾವ ಭಾಷೆ ಮಾತಾಡಿದರು? ಕೇಳಿದವರು ಏನು ಮಾಡಿದರು? ಗಡಿನಾಡಿನ ಕನ್ನಡ ಶಾಲೆಯವರಾದ ನಮಗೆ ಇದು ಬರೀ ಕುತೂಹಲದ ಪ್ರಶ್ನೆ ಅಲ್ಲ.

ಪೇತ್ರನ ಕತೆ ಎಲ್ಲರಿಗೂ ಗೊತ್ತು. ಯೇಸುವನ್ನು ಹಿಡಿದುಕೊಂಡು ಹೋದ ರಾತ್ರಿ ಪೇತ್ರ ಮಹಾಯಾಜಕನ ಮನೆಯ ಅಂಗಳದಲ್ಲಿ ಚಳಿ ಕಾಯಿಸುತ್ತಾ ನಿಂತಿದ್ದ. ನೀನು ಅವನ ಕಡೆಯವನಲ್ಲವೇ ಎಂದು ಕೇಳಿದಾಗ ಮೂರು ಸಲ ಅಲ್ಲ ಎಂದ. ಕೋಳಿ ಕೂಗಿತು. ಹೊರಗೆ ಹೋಗಿ ಅತ್ತ. ಆದರೆ ಮತ್ತಾಯನ ಸುವಾರ್ತೆಯ 26ನೆಯ ಅಧ್ಯಾಯದಲ್ಲಿ ಒಂದು ವಿವರ ಇದೆ, ಉಪದೇಶಗಳಲ್ಲಿ ಅದನ್ನು ಬೇಗ ದಾಟಿಬಿಡುತ್ತಾರೆ. ಅಲ್ಲಿ ನಿಂತಿದ್ದವರು ಅವನನ್ನು ಗುರುತು ಹಿಡಿದದ್ದು ಅವನ ಮಾತಿನ ಧಾಟಿಯಿಂದ. ಪೇತ್ರ ಗಲಿಲಾಯದವನು, ಬಡಗಣ ದಿಕ್ಕಿನ ಮೀನುಗಾರ. ಯೆರೂಸಲೇಮಿನಿಂದ ಅವನ ಊರಿಗೆ ಮೂರು ದಿನದ ನಡಿಗೆ. 'ನಾನು ಅವನನ್ನು ಅರಿಯೆ' ಎಂಬ ಸುಳ್ಳನ್ನೂ ಅವನು ಗಲಿಲಾಯದ ಧಾಟಿಯಲ್ಲೇ ಹೇಳಬೇಕಾಯಿತು. ಪಾಪ, ಬಾಯಿ ಮುಚ್ಚಿದ್ದರೆ ಬಚಾವಾಗುತ್ತಿದ್ದನೋ ಏನೋ!

ಗಲಿಲಾಯದವರ ಮಾತನ್ನು ಯೆಹೂದದವರು ಆಡಿಕೊಂಡು ನಗುತ್ತಿದ್ದರು ಎಂಬುದಕ್ಕೆ ತಾಲ್ಮುದ್ ಎಂಬ ಯೆಹೂದ್ಯರ ಹಳೆಯ ಗ್ರಂಥದಲ್ಲಿ ಸಾಕ್ಷಿ ಇದೆ. ಗಲಿಲಾಯದವರು ಗಂಟಲಿನಿಂದ ಹೊರಡುವ ಅಕ್ಷರಗಳನ್ನು ಒಂದರೊಳಗೊಂದು ಬೆರೆಸುತ್ತಿದ್ದರಂತೆ. ಒಬ್ಬ ಗಲಿಲಾಯದವನು ಪೇಟೆಗೆ ಬಂದು 'ಅಮರ್ ಯಾರಲ್ಲಿದೆ?' ಎಂದು ಕೇಳಿದ. ಅಂಗಡಿಯವರು ನಕ್ಕರು. ನಿನಗೆ ಬೇಕಾದದ್ದು ಹತ್ತುವ ಕತ್ತೆಯೋ, ಕುಡಿಯುವ ದ್ರಾಕ್ಷಾರಸವೋ, ಉಡುವ ಉಣ್ಣೆಯೋ, ಕೊಯ್ಯುವ ಕುರಿಮರಿಯೋ ಎಂದು ಕೇಳಿದರು. ಆ ನಾಲ್ಕೂ ಶಬ್ದಗಳು ಅವನ ಬಾಯಲ್ಲಿ ಒಂದೇ ರೀತಿ ಕೇಳುತ್ತಿದ್ದವು. ನಜರೇತಿನಿಂದ ಒಳ್ಳೆಯದೇನಾದರೂ ಬರುವುದುಂಟೇ ಎಂದು ನತಾನಯೇಲ ಕೇಳಿದ್ದು ಇಂಥ ಕಾಲದಲ್ಲಿಯೇ. ಆ ನಜರೇತ್ ಇರುವುದೂ ಗಲಿಲಾಯದಲ್ಲೇ.

ಇದನ್ನು ಓದುವಾಗ ನಮಗೆ ಟಿ.ಸಿ.ಎಚ್. ಓದುತ್ತಿದ್ದ ಕಾಲ ನೆನಪಾಗುತ್ತದೆ. ಘಟ್ಟದ ಮೇಲಿನಿಂದ ಬಂದ ಸಹಪಾಠಿಗಳಿಗೆ ನಮ್ಮ ಕನ್ನಡ ಎಂದರೆ ಒಂದು ತಮಾಷೆ. 'ಪುಸ್ತಕ ಓದಿದ ಹಾಗೆ ಮಾತಾಡ್ತೀರಲ್ಲ' ಎನ್ನುವರು. 'ಎಂತ', 'ಉಂಟು', 'ಬರ್ಲಿಕ್ಕುಂಟು' ಎಂದರೆ ಸಾಕು, ಇಡೀ ಸಾಲು ನಗುತ್ತಿತ್ತು. ಅವರಲ್ಲಿ ದ್ವೇಷವೇನೂ ಇರಲಿಲ್ಲ, ರಾತ್ರಿ ಊಟಕ್ಕೆ ಅವರೇ ನಮ್ಮ ತಟ್ಟೆ ಹಿಡಿದುಕೊಂಡು ಕಾಯುತ್ತಿದ್ದರು. ಆದರೂ ಎರಡನೆಯ ತಿಂಗಳಿಗೆ ನಮ್ಮಲ್ಲಿ ಒಬ್ಬಿಬ್ಬರು ಮಾತು ಕಡಿಮೆ ಮಾಡಿದ್ದರು, ಒಬ್ಬಿಬ್ಬರು ಬೆಂಗಳೂರಿನ ಧಾಟಿ ಕಲಿತಿದ್ದರು. ಸಿನೆಮಾಗಳೂ ಆಗ ಹಾಗೆಯೇ. ಕರಾವಳಿಯ ಕನ್ನಡ ತೆರೆಯ ಮೇಲೆ ಬಂತೆಂದರೆ ಅದು ಹೋಟೆಲಿನವನೋ ಅಡುಗೆ ಭಟ್ಟನೋ ಆಗಿರಬೇಕು, ನಗಿಸಿ ಹೋಗಬೇಕು.

ಈಗ ಹಾಗಿಲ್ಲ ಅನ್ನುವುದು ಸಂತೋಷದ ಸಂಗತಿ. 2014ರ 'ಉಳಿದವರು ಕಂಡಂತೆ', 2017ರ 'ಒಂದು ಮೊಟ್ಟೆಯ ಕಥೆ', 2022ರ 'ಕಾಂತಾರ'ಗಳಲ್ಲಿ ಕರಾವಳಿಯ ಮಾತಿನಲ್ಲಿಯೇ ಜನ ಪ್ರೀತಿಸಿದರು, ಜಗಳ ಮಾಡಿದರು, ಅತ್ತರು. 'ಒಂದು ಮೊಟ್ಟೆಯ ಕಥೆ'ಯ ನಾಯಕನಂತೂ ಕನ್ನಡದ ಮೇಷ್ಟ್ರೇ! ಇನ್ನು 2018ರಲ್ಲಿ ರಿಷಬ್ ಶೆಟ್ಟಿಯವರು 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ' ಎಂಬ ಚಿತ್ರ ಮಾಡಿದಾಗ ನಮ್ಮ ಮಕ್ಕಳು ತಮ್ಮಂತೆ ಮಾತಾಡುವ ಮಕ್ಕಳನ್ನು ಮೊದಲ ಬಾರಿಗೆ ದೊಡ್ಡ ತೆರೆಯ ಮೇಲೆ ನೋಡಿದರು. ಮುಚ್ಚಲಿದ್ದ ಕನ್ನಡ ಶಾಲೆಯನ್ನು ಮಕ್ಕಳು ಉಳಿಸಿಕೊಳ್ಳುವ ಆ ಚಿತ್ರಕ್ಕೆ ಉತ್ತಮ ಮಕ್ಕಳ ಚಿತ್ರವೆಂದು ರಾಷ್ಟ್ರಪ್ರಶಸ್ತಿಯೂ ಬಂತು. ಸಿನೆಮಾದಲ್ಲಿ ಅನಂತನಾಗ್ ಬಂದು ಕೋರ್ಟಿನಲ್ಲಿ ವಾದಿಸುತ್ತಾರೆ, ಜನ ಚಪ್ಪಾಳೆ ತಟ್ಟುತ್ತಾರೆ. ನಮ್ಮ ಶಾಲೆಗಳಿಗೆ ಅನಂತನಾಗ್ ಬರುವುದಿಲ್ಲ. ಬರುವುದು ಟಿ.ಸಿ. ಕೇಳುವ ತಾಯಂದಿರು.

'ಮಾಸ್ಟ್ರೇ, ಬೇಜಾರು ಮಾಡ್ಬೇಡಿ. ಕನ್ನಡದಲ್ಲಿ ಕಲ್ತು ಮುಂದೆ ಎಲ್ಲಿಗೆ ಹೋಗ್ಲಿಕ್ಕುಂಟು? ಇವಳ ಅಣ್ಣನಿಗೆ ಪಿ.ಎಸ್.ಸಿ. ಬರೀಲಿಕ್ಕೆ ಎಷ್ಟು ಕಷ್ಟ ಆಯ್ತು, ನಿಮ್ಗೆ ಗೊತ್ತುಂಟಲ್ಲ' ಎಂದು ಒಬ್ಬ ತಾಯಿ ಕೇಳಿದರು. ಟಿ.ಸಿ. ಕೊಡುವುದು ನಮ್ಮ ಕೆಲಸ, ಕೊಟ್ಟೆವು. ಮಗುವಿನ ಭವಿಷ್ಯದ ಬಗ್ಗೆ ತಾಯಿಗಿಂತ ಹೆಚ್ಚು ಚಿಂತೆ ನಮಗಿದೆ ಎಂದು ಹೇಳುವ ಧೈರ್ಯ ನಮಗಿಲ್ಲ. ಮಲಯಾಳ ಕಲಿಯಬೇಕು, ಇಂಗ್ಲಿಷು ಕಲಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ನಮ್ಮ ಮನಸ್ಸಿಗೆ ತಾಗಿದ್ದು ಬೇರೆ ವಿಷಯ. ಕೆಲವು ತಿಂಗಳ ನಂತರ ಪೇಟೆಯಲ್ಲಿ ಆ ಹುಡುಗಿ ಸಿಕ್ಕಳು, ಹೊಸ ಗೆಳತಿಯರ ಜೊತೆಗಿದ್ದಳು. ನಾವು ಕನ್ನಡದಲ್ಲಿ ಮಾತಾಡಿಸಿದೆವು. ಅವಳು ಒಮ್ಮೆ ಗೆಳತಿಯರ ಮುಖ ನೋಡಿ, ತಲೆ ತಗ್ಗಿಸಿ, ಮಲಯಾಳದಲ್ಲಿ ಒಂದು ಮಾತು ಹೇಳಿ ನಡೆದಳು. ಅವಳ ಮೇಲೆ ಸಿಟ್ಟು ಬರಲಿಲ್ಲ. ಚಳಿ ಕಾಯಿಸುತ್ತಾ ನಿಂತವರ ನಡುವೆ ಒಬ್ಬಂಟಿಯಾದವರು ಹಾಗೆಯೇ ಮಾಡುವುದು. ಪೇತ್ರನಂಥ ಗಟ್ಟಿ ಆಳೇ ಮಾಡಿದ, ಇವಳು ಹನ್ನೆರಡು ವರ್ಷದ ಮಗು.

ಹನ್ನೆರಡು ವರ್ಷ ಎಂದಾಗ ಮಾರ್ಕನ ಸುವಾರ್ತೆಯ ಇನ್ನೊಬ್ಬ ಹುಡುಗಿಯನ್ನು ಹೇಳಲೇಬೇಕು. ಯಾಯೀರನ ಮಗಳು. ಅವಳ ವಯಸ್ಸು ಹನ್ನೆರಡು ಎಂದು ಮಾರ್ಕ ಬರೆದಿದ್ದಾನೆ, ನಮ್ಮ ಏಳನೆಯ ತರಗತಿಯ ಪ್ರಾಯ. ಸತ್ತಳೆಂದು ಎಲ್ಲರೂ ಅಳುತ್ತಿದ್ದಾಗ ಯೇಸು ಅವಳ ಕೈ ಹಿಡಿದು 'ತಲಿಥಾ ಕೂಮ್' ಎಂದ. ಹುಡುಗೀ, ಏಳು ಎಂದರ್ಥ. ಮಾರ್ಕನು ಸುವಾರ್ತೆ ಬರೆದದ್ದು ಗ್ರೀಕ್ ಭಾಷೆಯಲ್ಲಿ. ಅರ್ಥವನ್ನು ಮಾತ್ರ ಗ್ರೀಕಿನಲ್ಲಿ ಬರೆದಿದ್ದರೆ ಸಾಕಿತ್ತು. ಆದರೂ ಆ ಎರಡು ಶಬ್ದಗಳನ್ನು ಯೇಸುವಿನ ಮನೆಮಾತಾದ ಅರಮಾಯಿಕ್‌ನಲ್ಲೇ ಇಟ್ಟು, ಪಕ್ಕದಲ್ಲಿ ಅರ್ಥ ಹೇಳಿದ. ಕಿವುಡನ ಕಿವಿ ತೆರೆಯುವಾಗ 'ಎಪ್ಫಥಾ' ಎಂಬುದನ್ನೂ ಹಾಗೆಯೇ ಉಳಿಸಿದ. ಗೆತ್ಸೆಮನೆಯ ತೋಟದಲ್ಲಿ ತಂದೆಯನ್ನು ಕರೆದ 'ಅಬ್ಬಾ'ವನ್ನೂ, ಶಿಲುಬೆಯ ಮೇಲಿನ ಕೂಗನ್ನೂ ಉಳಿಸಿದ. ಗುಣಪಡಿಸುವಾಗಿನ ಮಾತು, ಸಂಕಟದಲ್ಲಿ ಬಾಯಿಗೆ ಬಂದ ಮಾತು, ಇವನ್ನು ಅನುವಾದ ಮಾಡಿ ಕೈತೊಳೆದುಕೊಳ್ಳಲು ಅವನಿಗೆ ಮನಸ್ಸು ಬರಲಿಲ್ಲ ಎಂದು ನಮಗೆ ತೋರುತ್ತದೆ. ತರಗತಿಯಲ್ಲಿ ಬಿದ್ದು ಮೊಣಕಾಲು ಒಡೆದ ಮಗು ಅಳುವಾಗ ಪಠ್ಯಪುಸ್ತಕದ ಕನ್ನಡದಲ್ಲಿ ಅಳುವುದಿಲ್ಲವಲ್ಲ!

2004ರಲ್ಲಿ ಮೆಲ್ ಗಿಬ್ಸನ್ 'ದಿ ಪ್ಯಾಶನ್ ಆಫ್ ದಿ ಕ್ರೈಸ್ಟ್' ಎಂಬ ಚಿತ್ರ ತೆಗೆದ. ಅಲ್ಲಿನ ರಕ್ತಪಾತದ ಬಗ್ಗೆ ಬೇಕಾದಷ್ಟು ಚರ್ಚೆಯಾಯಿತು. ನಮಗೆ ಆಶ್ಚರ್ಯವಾದದ್ದು ಅದರಲ್ಲಿ ಒಂದೂ ಇಂಗ್ಲಿಷ್ ಸಂಭಾಷಣೆ ಇಲ್ಲದಿರುವುದು. ಎಲ್ಲರೂ ಅರಮಾಯಿಕ್, ಲ್ಯಾಟಿನ್, ಹೀಬ್ರೂ ಮಾತಾಡುತ್ತಾರೆ. ಪಿಲಾತ ಯೇಸುವನ್ನು ಅರಮಾಯಿಕ್‌ನಲ್ಲಿ ಮಾತಾಡಿಸುತ್ತಾನೆ, ಯೇಸು ಲ್ಯಾಟಿನ್‌ನಲ್ಲಿ ಉತ್ತರಿಸುತ್ತಾನೆ. ಇದು ಸುವಾರ್ತೆಯಲ್ಲಿಲ್ಲ, ಸಿನೆಮಾದವರ ಕಲ್ಪನೆ. ಆದರೆ ಯೋಹಾನನ ಸುವಾರ್ತೆಯಲ್ಲಿ ಒಂದು ಮಾತಿದೆ, ಅದು ನಮ್ಮೂರಿಗೆ ಹೇಳಿಸಿದ ಹಾಗಿದೆ. ಪಿಲಾತ ಶಿಲುಬೆಯ ಮೇಲೆ ಹಾಕಿಸಿದ ಫಲಕ ಮೂರು ಭಾಷೆಗಳಲ್ಲಿತ್ತು: ಹೀಬ್ರೂ, ಲ್ಯಾಟಿನ್, ಗ್ರೀಕ್. ಗಡಿನಾಡಿನ ಕಚೇರಿಯ ಬೋರ್ಡು ನೋಡಿದವರಿಗೆ ಇದು ಹೊಸತಲ್ಲ. ಮೇಲೆ ಅಧಿಕಾರಿಯ ತ್ರಿಭಾಷಾ ಫಲಕ, ಕೆಳಗೆ ತನ್ನ ಮನೆಮಾತಿನಲ್ಲಿ ಕೂಗಿದ ಒಬ್ಬ ಮನುಷ್ಯ. ಬೋರ್ಡಿನಲ್ಲಿ ಕನ್ನಡ ಬೇಕೇ ಬೇಕು, ಕೇಳಿ ಪಡೆಯಬೇಕು. ಆದರೆ ಬೋರ್ಡಿನಲ್ಲಿ ಇದ್ದ ಮಾತ್ರಕ್ಕೆ ಅದು ಮಕ್ಕಳ ಬಾಯಿಯಲ್ಲಿ ಉಳಿಯುವುದಿಲ್ಲ.

ಅಂದ ಹಾಗೆ, ಯೇಸುವಿನ ಕೊನೆಯ ದಿನದ ಬಗ್ಗೆ ಕನ್ನಡದಲ್ಲಿ ಖಂಡಕಾವ್ಯ ಬರೆದವರು ಯಾರು? ನಮ್ಮ ಮಂಜೇಶ್ವರದ ರಾಷ್ಟ್ರಕವಿ ಗೋವಿಂದ ಪೈಗಳು. ಕೃತಿಯ ಹೆಸರು 'ಗೊಲ್ಗೊಥಾ'. 1883ರಲ್ಲಿ ಹುಟ್ಟಿದ ಅವರ ಮನೆಮಾತು ಕೊಂಕಣಿ, ಬರೆದದ್ದು ಕನ್ನಡ, ಧರ್ಮದಿಂದ ಕ್ರೈಸ್ತರಲ್ಲ. ಬುದ್ಧನ ಕೊನೆಯ ದಿನದ ಬಗ್ಗೆಯೂ 'ವೈಶಾಖಿ' ಬರೆದರು. 1949ರಲ್ಲಿ ಆಗಿನ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಬಿರುದು ಕೊಟ್ಟಿತು. 1956ರ ನವೆಂಬರ್ 1ರಂದು ಮಂಜೇಶ್ವರ ಕೇರಳಕ್ಕೆ ಸೇರಿತು, 1963ರಲ್ಲಿ ಅವರು ತೀರಿಕೊಂಡರು. ಅವರ ಮನೆ ಇದ್ದಲ್ಲಿಯೇ ಇತ್ತು, ರಾಜ್ಯ ಬದಲಾಯಿತು. ಇನ್ನೊಂದು ಸ್ವಾರಸ್ಯ ನೋಡಿ: ತಲೆಬುರುಡೆಯ ಸ್ಥಳ ಎಂಬ ಅರ್ಥದ 'ಗೊಲ್ಗೊಥಾ' ಕೂಡ ಅರಮಾಯಿಕ್ ಶಬ್ದವೇ. ಆ ಶಬ್ದವನ್ನು ಹಾಗೆಯೇ ಕನ್ನಡ ಕಾವ್ಯದ ಹಣೆಯ ಮೇಲೆ ಬರೆದವರು ನಮ್ಮೂರಿನವರು. ಬೇರೆಯವರ ಮನೆಮಾತಿಗೆ ಗೌರವ ಕೊಡುವುದು ಈ ಮಣ್ಣಿಗೆ ಹೊಸತಲ್ಲ ಎಂದು ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಪಾಠ ಬೇಕೇ?

ಗೌರವದ ಮಾತು ಬಂದಾಗ ಬೈಬಲಿನ ಒಂದು ಕಹಿ ಕತೆಯನ್ನೂ ಮರೆಯಬಾರದು. ನ್ಯಾಯಸ್ಥಾಪಕರ ಪುಸ್ತಕದ 12ನೆಯ ಅಧ್ಯಾಯ. ಗಿಲ್ಯಾದಿನವರಿಗೂ ಎಫ್ರಾಯೀಮಿನವರಿಗೂ ಯುದ್ಧವಾಯಿತು. ಸೋತ ಎಫ್ರಾಯೀಮಿನವರು ಯೊರ್ದನ್ ನದಿ ದಾಟಿ ಊರಿಗೆ ಓಡುತ್ತಿದ್ದರು. ಹಾಯಗಡದಲ್ಲಿ ಗಿಲ್ಯಾದಿನವರು ನಿಂತು ಪ್ರತಿಯೊಬ್ಬನಿಗೂ 'ಷಿಬ್ಬೋಲೆತ್' ಎಂದು ಹೇಳಿಸಿದರು. ತೆನೆ ಎಂಬ ಅರ್ಥದ ಸಾಧಾರಣ ಶಬ್ದ. ಎಫ್ರಾಯೀಮಿನವರ ಬಾಯಲ್ಲಿ ಅದು 'ಸಿಬ್ಬೋಲೆತ್' ಆಗುತ್ತಿತ್ತು. ಹಾಗೆ ಅಂದವನನ್ನು ಅಲ್ಲಿಯೇ ಕೊಂದರು. ಆಗ ಸತ್ತವರು 42,000 ಮಂದಿ ಎಂದು ಬರೆದಿದೆ. ಇಬ್ಬರೂ ಒಂದೇ ದೇವರ ಮಕ್ಕಳು, ಆಡುವುದು ಒಂದೇ ಭಾಷೆ. ನಡುವೆ ಇದ್ದದ್ದು ಒಂದು 'ಷ' ಮತ್ತು ಒಂದು 'ಸ'.

ನಮ್ಮ ಚಂದ್ರಗಿರಿ ಹೊಳೆಯನ್ನೂ ಹಿಂದಿನವರು ತುಳುನಾಡಿನ ಗಡಿ ಎನ್ನುತ್ತಿದ್ದರು. 1967ರ ಮಹಾಜನ ವರದಿಯೂ ಆ ಹೊಳೆಯನ್ನೇ ಹಿಡಿದು, ಅದರ ಬಡಗಣ ಭಾಗ ಕರ್ನಾಟಕಕ್ಕೆ ಸೇರಬೇಕೆಂದಿತು, ಆ ಮಾತು ಕಾಗದದಲ್ಲೇ ಉಳಿಯಿತು. ಹೊಳೆಯ ಎರಡು ಕಡೆಯೂ ಮದುವೆ ಸಂಬಂಧ, ವ್ಯಾಪಾರ, ಜಾತ್ರೆ ನಡೆಯುತ್ತಲೇ ಇದೆ, ದೇವರ ದಯೆ. ಆದರೆ ಸಣ್ಣ ಸಣ್ಣ ಷಿಬ್ಬೋಲೆತ್‌ಗಳು ಎಲ್ಲ ಕಡೆ ಇವೆ. ನಮ್ಮ ತರಗತಿಗೆ ತುಳು ಮನೆಯ ಮಕ್ಕಳು, ಬ್ಯಾರಿ ಮನೆಯ ಮಕ್ಕಳು, ಮರಾಟಿ ಮನೆಯ ಮಕ್ಕಳು, ಕೊರಗರ ಮಕ್ಕಳು ಬರುತ್ತಾರೆ. ಎಷ್ಟೋ ಮಕ್ಕಳ ಬಾಯಲ್ಲಿ 'ಶಾಲೆ' ಎಂಬುದು 'ಸಾಲೆ' ಆಗಿರುತ್ತದೆ. ಬರೆಯುವಾಗ ತಿದ್ದಬೇಕಾದದ್ದೇ, ಅದಕ್ಕಾಗಿಯೇ ನಮಗೆ ಸಂಬಳ. ಆದರೆ ಮಗು 'ಸಾಲೆ' ಎಂದಾಗ ಮುಂದಿನ ಬೆಂಚಿನಿಂದ ನಗು ಬಂದರೆ, ತಿದ್ದಬೇಕಾದದ್ದು ಮೊದಲು ಆ ನಗುವನ್ನು. ಕಚೇರಿಯಲ್ಲಿ ನಮ್ಮ ಕನ್ನಡಕ್ಕೆ ಮರ್ಯಾದೆ ಬೇಕು ಎನ್ನುವ ನಾವು, ಕೊರಗರ ಮಗುವಿನ ಮಾತಿಗೆ ನಮ್ಮ ತರಗತಿಯಲ್ಲಿ ಮರ್ಯಾದೆ ಸಿಗುವಂತೆ ನೋಡಿಕೊಳ್ಳಬೇಡವೇ?

ಭಾಷೆ ಒಂದೇ ಆದರೆ ಎಲ್ಲ ಸರಿಯಾಗುತ್ತದೆ ಎಂದೂ ಅಲ್ಲ. 2020ರ ಮಾರ್ಚಿನಲ್ಲಿ ಕೊರೋನಾ ಬಂದಾಗ ತಲಪಾಡಿ ಗಡಿ ಮುಚ್ಚಿತು, ಒಳರಸ್ತೆಗಳಿಗೆ ಮಣ್ಣು ಸುರಿದರು. ಕಾಯಿಲೆಯಾದರೆ ಮಂಗಳೂರಿಗೆ ಹೋಗಿ ರೂಢಿಯಾದವರು ನಾವು. ಅಂಬುಲೆನ್ಸುಗಳು ಗಡಿಯಿಂದ ಹಿಂದೆ ಬಂದವು, ಸಕಾಲದಲ್ಲಿ ಚಿಕಿತ್ಸೆ ಸಿಗದೆ ಜನ ತೀರಿಕೊಂಡರೆಂದು ಪತ್ರಿಕೆಗಳಲ್ಲಿ ಬಂತು. ಆಗ ನಾವು ಎಷ್ಟು ಚಂದದ ಕನ್ನಡ ಮಾತಾಡಿದರೂ ಗಡಿಯಾಚೆಯವರೇ. ಆ ದಿನಗಳಲ್ಲಿ ಲೂಕನ ಸುವಾರ್ತೆಯ ಸಮಾರ್ಯದವನ ಕತೆ ಮತ್ತೆ ಮತ್ತೆ ನೆನಪಾಯಿತು. ಯೆರಿಕೋ ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಅವನ ಕಡೆಯ ಯಾಜಕ ನೋಡಿ ದಾಟಿ ಹೋದ, ಲೇವಿಯನೂ ದಾಟಿ ಹೋದ. ನಿಂತವನು ಗಡಿಯಾಚೆಯ ಸಮಾರ್ಯದವನು. ಗಾಯಕ್ಕೆ ಎಣ್ಣೆ ಹಾಕಿ, ತನ್ನ ಕತ್ತೆಯ ಮೇಲೆ ಕುಳ್ಳಿರಿಸಿ, ಛತ್ರಕ್ಕೆ ಕರೆದೊಯ್ದು ಖರ್ಚನ್ನೂ ಕೊಟ್ಟ. ಇವರಲ್ಲಿ ನೆರೆಯವನಾದದ್ದು ಯಾರು ಎಂದು ಯೇಸು ಕೇಳಿದಾಗ, ಪ್ರಶ್ನೆ ಎತ್ತಿದ್ದ ಧರ್ಮಶಾಸ್ತ್ರಿಗೆ 'ಸಮಾರ್ಯದವನು' ಎಂಬ ಶಬ್ದವೇ ಬಾಯಿಗೆ ಬರಲಿಲ್ಲ, ಕರುಣೆ ತೋರಿಸಿದವನು ಎಂದು ಸುತ್ತಿ ಬಳಸಿ ಹೇಳಿದ. ಆ ವರ್ಷ ನಮ್ಮ ಊರಿನಲ್ಲಿ ಮನೆ ಮನೆಗೆ ಔಷಧಿ ತಲುಪಿಸಿದ ಹುಡುಗರಲ್ಲಿ ಹೆಚ್ಚಿನವರಿಗೆ ಕನ್ನಡ ಬರುತ್ತಿರಲಿಲ್ಲ. ಇದನ್ನೂ ನಮ್ಮ ಮಕ್ಕಳಿಗೆ ಹೆಸರು ಹಿಡಿದೇ ಹೇಳಬೇಕು, ಸುತ್ತಿ ಬಳಸಬಾರದು.

ಹಾಗಾದರೆ ಪೇತ್ರನ ಕತೆ ಆ ಅಂಗಳದಲ್ಲೇ ಮುಗಿಯಿತೇ? ಇಲ್ಲ. ಯೋಹಾನನ ಪ್ರಕಾರ ಯೇಸು ಎದ್ದು ಬಂದ ಮೇಲೆ ಗಲಿಲಾಯದ ಸರೋವರದ ದಂಡೆಯಲ್ಲಿ ಬೆಳಗ್ಗೆ ಇನ್ನೊಂದು ಕೆಂಡದ ಬೆಂಕಿ ಉರಿಯುತ್ತಿತ್ತು. ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಮೊದಲು ತಿನ್ನಲು ಕರೆದ, ಆಮೇಲೆ ಮೂರು ಸಲ ಕೇಳಿದ, ನನ್ನನ್ನು ಪ್ರೀತಿಸುತ್ತೀಯಾ ಎಂದು. ಸ್ವಂತ ಊರಿನ ದಂಡೆಯಲ್ಲಿ, ಧಾಟಿಯನ್ನು ಅಡಗಿಸಬೇಕಾಗಿಲ್ಲದ ಜಾಗದಲ್ಲಿ, ಪೇತ್ರ ಮೂರು ಸಲವೂ ಹೌದು ಎಂದ.

ಅದಾಗಿ ಕೆಲವೇ ವಾರಗಳಲ್ಲಿ ಪಂಚಾಶತ್ತಮ ಹಬ್ಬ. ಅದೇ ಯೆರೂಸಲೇಮು. ಪಾರ್ಥ್ಯರು, ಮೇದ್ಯರು, ಐಗುಪ್ತದವರು, ರೋಮಿನವರು, ಅರಬರು ಎಲ್ಲ ನೆರೆದಿದ್ದರು. ಶಿಷ್ಯರು ಮಾತಾಡತೊಡಗಿದಾಗ ಪ್ರತಿಯೊಬ್ಬನಿಗೂ ಅದು ತನ್ನ ತನ್ನ ತಾಯಿನುಡಿಯಲ್ಲಿ ಕೇಳಿಸಿತು. ಜನ ಬೆರಗಾಗಿ ಕೇಳಿದ್ದೇನು ಗೊತ್ತೇ? ಇವರೆಲ್ಲ ಗಲಿಲಾಯದವರಲ್ಲವೇ ಎಂದು! ಮತ್ತೆ ಗುರುತು ಸಿಕ್ಕಿತು. ಕುಡಿದಿದ್ದಾರೆ ಎಂದು ಕೆಲವರು ನಕ್ಕರು ಕೂಡ. ಈ ಸಲ ಪೇತ್ರ ಎದ್ದು ನಿಂತು, ಇನ್ನೂ ಬೆಳಗ್ಗೆ ಒಂಬತ್ತು ಗಂಟೆ, ಯಾರೂ ಕುಡಿದಿಲ್ಲ ಎಂದು ಹೇಳಿಯೇ ಮಾತು ಶುರುಮಾಡಿದ. ಅವನು ಯೆರೂಸಲೇಮಿನ ಧಾಟಿ ಕಲಿತು ಬಂದದ್ದೆಂದು ಎಲ್ಲಿಯೂ ಬರೆದಿಲ್ಲ. ಬಾಯಿ ಅದೇ, ಭಯ ಮಾತ್ರ ಹೋಗಿತ್ತು. ದೇವರು ಎಲ್ಲರಿಗೂ ಒಂದೇ ಭಾಷೆ ಮಾಡಿ ಸುಲಭ ಮಾಡಿಕೊಳ್ಳಲಿಲ್ಲ ಎಂಬುದೂ ಗಮನಿಸಬೇಕಾದ ಸಂಗತಿ.

ಶಾಲೆಯಲ್ಲಿ ನಾವು ಮತಬೋಧನೆ ಮಾಡುವುದಿಲ್ಲ, ಮಾಡಲೂಬಾರದು. ಈ ಕತೆಗಳೆಲ್ಲ ಭಾನುವಾರ ಇಗರ್ಜಿಯಲ್ಲಿ ಮಕ್ಕಳಿಗೆ ಪಾಠ ಹೇಳುವಾಗ ಹೇಳಿಕೊಂಡವು. ಆದರೆ ಪ್ರಶ್ನೆಗಳು ಭಾನುವಾರ ನೋಡಿ ಬರುವುದಿಲ್ಲ. ಕಳೆದ ವರ್ಷ ಗಡಿಯಾಚೆ ಒಂದು ಸ್ಪರ್ಧೆಗೆ ಬ್ಯಾರಿ ಮನೆಯ ಹುಡುಗನೊಬ್ಬನನ್ನು ಕರೆದುಕೊಂಡು ಹೋಗಿದ್ದೆವು. ಒಳ್ಳೆಯ ಭಾಷಣ ಮಾಡಿದ. 'ಕೇರಳದವರಾದರೂ ಕನ್ನಡ ಎಷ್ಟು ಚೆನ್ನಾಗಿ ಬರುತ್ತೆ' ಎಂದು ಅಲ್ಲಿಯವರು ಬೆನ್ನು ತಟ್ಟಿದರು. ಹಿಂದೆ ಬರುವಾಗ ಬಸ್ಸಿನಲ್ಲಿ ಅವನು ಕೇಳಿದ, 'ಸರ್, ಅಲ್ಲಿ ಹೋದ್ರೆ ನಾವು ಕೇರಳದವರು, ಇಲ್ಲಿ ಬಂದ್ರೆ ಕನ್ನಡದವರು. ಯಾರಾದ್ರೂ ಕೇಳಿದ್ರೆ ಎಂತ ಹೇಳ್ಬೇಕು?' ಆ ಗದ್ದಲದಲ್ಲಿ ಉದ್ದ ಉತ್ತರ ಹೇಳುವ ಹಾಗಿರಲಿಲ್ಲ. 'ನಿನ್ನ ಊರಿನ ಹೆಸರು ಹೇಳು, ಗಟ್ಟಿಯಾಗಿ ಹೇಳು, ಸಾಕು' ಎಂದೆವು. ಅವನು ಅಲ್ಲೇ ಒಮ್ಮೆ ಹೇಳಿ ನೋಡಿದ. ಮುಂದಿನ ಸೀಟಿನವರು ತಿರುಗಿ ನೋಡಿದರು, ಅವನು ತಲೆ ತಗ್ಗಿಸಲಿಲ್ಲ.

ಜೂನಿನಲ್ಲಿ ಪ್ರವೇಶೋತ್ಸವಕ್ಕೆ ಬಲೂನು ಕಟ್ಟಿ ಮಕ್ಕಳನ್ನು ಕರೆಯುತ್ತೇವೆ. ಎಷ್ಟು ಮಕ್ಕಳು ಬರುತ್ತಾರೆ ಎಂಬುದು ನಮ್ಮ ಕೈಯಲ್ಲಿಲ್ಲ. ಬಂದವರು ಏಳು ವರ್ಷ ನಮ್ಮಲ್ಲಿ ಕಲಿತು ಹೋಗುವಾಗ ಮಲಯಾಳವನ್ನು ಚೆನ್ನಾಗಿ ಮಾತಾಡಲಿ, ಇಂಗ್ಲಿಷನ್ನೂ ಮಾತಾಡಲಿ. ಯಾರಾದರೂ ಮಾತು ಕೇಳಿ ನೀನು ಕನ್ನಡ ಶಾಲೆಯವನಲ್ಲವೇ ಎಂದಾಗ ಹೌದು ಎನ್ನಲಿ. ಇನ್ನೊಬ್ಬರ ಮಾತು ಕೇಳಿ ನಗದಿರಲಿ. ಅಧ್ಯಾಪಕ ಬಂಧುಗಳೇ, ಹೆತ್ತವರೇ, ಇಷ್ಟನ್ನು ಕಲಿಸಲು ಯಾವ ಇಲಾಖೆಯ ಆದೇಶವೂ ಬೇಕಾಗಿಲ್ಲ ಅಲ್ಲವೇ?